ಹಾಡಿನ ಕ್ಲಾಸಿಗೆ ಹೆಸರು ಕೊಟ್ಟಿದ್ದೀರಾ? ಮೊದಲ ಎರಡು ತಿಂಗಳು ಹೀಗಿರುತ್ತೆ

ಜೂನ್‌ನಲ್ಲಿ ಶಾಲೆ ಶುರುವಾಗಿ, ಪುಸ್ತಕಗಳಿಗೆಲ್ಲ ಬೈಂಡ್ ಹಾಕಿ ಮುಗಿಯುವ ಹೊತ್ತಿಗೆ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಕಾಣಿಸುತ್ತದೆ: ಸಮೂಹ ಗಾಯನಕ್ಕೆ ಸೇರುವವರು ಹೆಸರು ಕೊಡಿ. ಅರ್ಧ ಜನಕ್ಕೆ ಕೊನೆಯ ಪೀರಿಯಡ್ ತಪ್ಪಿಸಿಕೊಳ್ಳುವ ಆಸೆ. ಇನ್ನರ್ಧ ಜನಕ್ಕೆ ಆಗಸ್ಟ್ 15ರಂದು ಸ್ಟೇಜ್ ಹತ್ತುವ ಆಸೆ. ಎರಡೂ ತಪ್ಪಲ್ಲ. ಆದರೆ ಹೋದ ದಿನವೇ ಹಾಡು ಹೇಳಿಕೊಡುತ್ತಾರೆ ಅಂದುಕೊಂಡಿದ್ದರೆ ನಿರಾಸೆ ಗ್ಯಾರಂಟಿ. ಕೋಲಾರದಲ್ಲಿ ಕೆಲವು ವರ್ಷಗಳಿಂದ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದೇನೆ. ಎರಡನೇ ವಾರಕ್ಕೆ ಬಿಟ್ಟುಹೋಗುವವರು ಹೇಳೋದು ಒಂದೇ ಮಾತು: ‘ಮಿಸ್, ಹಾಡೇ ಹಾಡಿಸಲ್ಲ.’ ಅದಕ್ಕೇ ಮುಂದೆ ಏನೇನು ಬರುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ.

1. ದನಿ ನೋಡುತ್ತಾರೆ

ಮೊದಲ ದಿನ ಒಬ್ಬೊಬ್ಬರನ್ನೇ ಹಾರ್ಮೋನಿಯಂ ಪಕ್ಕ ಕರೆದು ‘ಸ’ ಹಿಡಿ ಅನ್ನುತ್ತಾರೆ. ಒಂದೊಂದೇ ಮನೆ, ಅಂದರೆ ಹಾರ್ಮೋನಿಯಂನ ಒಂದೊಂದೇ ಪಟ್ಟಿ, ಮೇಲಕ್ಕೆ ಏರಿಸುತ್ತಾ ಹೋಗುತ್ತಾರೆ. ದನಿ ಕೀರಲಾದ ಕಡೆ ನಿಲ್ಲಿಸಿ, ಮತ್ತೆ ಕೆಳಕ್ಕೆ ಇಳಿಸುತ್ತಾರೆ. ಇದು ಯಾರನ್ನೂ ಫೇಲ್ ಮಾಡಲಿಕ್ಕಲ್ಲ. ಮೇಲಿನ ದನಿಯವರು, ಕೆಳಗಿನ ದನಿಯವರು ಅಂತ ಎರಡು ಗುಂಪು ಮಾಡಲಿಕ್ಕೆ. ಕೆಳಗಿನ ಗುಂಪಿಗೆ ಹಾಕಿದರು ಅಂತ ಮುಖ ಸಣ್ಣ ಮಾಡಿಕೊಳ್ಳಬೇಡಿ. ಆಮೇಲೆ ಜಾಸ್ತಿ ಕೆಲಸ ಇರೋದು ಅವರಿಗೇ.

ಆ ದಿನ ಖೋ ಖೋ ಆಡಿ, ಕಿರುಚಿ ಬರಬೇಡಿ. ಊಟ ಆದ ತಕ್ಷಣದ ಪೀರಿಯಡ್ ಆಗಿದ್ದರೆ ಒಂದು ತುತ್ತು ಕಡಿಮೆ ಇರಲಿ.

2. ನಿಲ್ಲೋದು, ಉಸಿರು

ನಿಲ್ಲೋದನ್ನೂ ಹೇಳಿಕೊಡಬೇಕಾ ಅಂತ ನಗುತ್ತೀರಿ. ಹಾಡಿನ ಪುಸ್ತಕ ಕೆಳಗೆ ಹಿಡಿದರೆ ಗದ್ದ ಎದೆಗೆ ಅಂಟುತ್ತದೆ, ದನಿ ಗಂಟಲಲ್ಲೇ ಉಳಿಯುತ್ತದೆ. ನಾನಂತೂ ಕಿಟಕಿಯಾಚೆ ಅಂತರಗಂಗೆ ಬೆಟ್ಟ ನೋಡುತ್ತಾ ನಿಂತುಕೊಳ್ಳಿ ಅನ್ನುತ್ತೇನೆ. ಗದ್ದ ತಾನಾಗಿ ಸರಿಹೋಗುತ್ತದೆ.

ಉಸಿರು ಎಳೆದುಕೊಂಡಾಗ ಭುಜ ಏಳಬಾರದು, ಹೊಟ್ಟೆ ಉಬ್ಬಬೇಕು. ಹೊಟ್ಟೆ ಮೇಲೆ ಅಂಗೈ ಇಟ್ಟುಕೊಂಡು ನೋಡಿ. ಆಮೇಲೆ ಕುಕ್ಕರ್ ಥರ ‘ಸ್ಸ್ಸ್’ ಅಂತ ನಿಧಾನವಾಗಿ ಬಿಡೋದು. ಶುರುವಿಗೆ 8 ಎಣಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ದಿನಾ ಮಾಡಿದರೆ 15, 20 ದಾಟುತ್ತದೆ.

ಇದರಲ್ಲೇ ಒಂದು ಗುಟ್ಟಿದೆ. ಒಬ್ಬರೇ ಹಾಡುವಾಗ ಸಾಲಿನ ಮಧ್ಯೆ ಉಸಿರು ಸಾಲದಿದ್ದರೆ ತುಂಡಾಗುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಮೇಳದಲ್ಲಿ ಹಾಗಲ್ಲ. ನೀವು ಮೂರನೇ ಪದದ ಹತ್ತಿರ ಉಸಿರು ತೆಗೆದುಕೊಂಡರೆ ಪಕ್ಕದವಳು ಐದನೇ ಪದದ ಹತ್ತಿರ ತೆಗೆದುಕೊಳ್ಳಬೇಕು. ಕೇಳುವವರಿಗೆ ಸಾಲು ಎಲ್ಲೂ ಮುರಿಯುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಇದಕ್ಕೆ ‘ಕಳ್ಳ ಉಸಿರು’ ಅಂತ ಹೆಸರು. ಯಾರು ಎಲ್ಲಿ ಕದಿಯಬೇಕು ಅಂತ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿಕೊಳ್ಳಬೇಕು. ಪೆನ್ ಬೇಡ, ಗುರುತು ಬದಲಾಗುತ್ತಲೇ ಇರುತ್ತದೆ.

3. ಸರಳೆ

ಕರ್ನಾಟಕ ಸಂಗೀತ ಕಲಿತ ಮೇಷ್ಟ್ರಾದರೆ ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಅಂದರೆ ಸರಿಗಮದ ಮೊದಲ ಪಾಠಗಳು, ಆದಿತಾಳದ 8 ಎಣಿಕೆ, ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ. ಬೇಜಾರಾಗುತ್ತದೆ, ಇಲ್ಲ ಅನ್ನಲ್ಲ. ಎರಡನೇ ಕಾಲದಲ್ಲಿ ಮೂವತ್ತು ಕೈಗಳೂ ಒಟ್ಟಿಗೆ ತಾಳ ಹಾಕಿದ ದಿನ ಕಡಿಮೆಯಾಗುತ್ತದೆ.

4. ಮಾತು ತಿದ್ದೋದು

ಹಾಡಿನ ಸಾಹಿತ್ಯ ಕೈಗೆ ಬರೋದು ಮೂರನೇ ವಾರಕ್ಕೆ. ಬಂದರೂ ರಾಗ ಇಲ್ಲ, ಬರೀ ಓದೋದು. ಮಕ್ಕಳಿಗೆ ಇದು ಕನ್ನಡ ಪೀರಿಯಡ್ ಥರ ಅನ್ನಿಸುತ್ತದೆ. ನನ್ನ ಪ್ರಕಾರ ಇಡೀ ಕ್ಲಾಸಿನಲ್ಲಿ ಇದೇ ಮಜವಾದ ಭಾಗ.

ನಮ್ಮ ಕಡೆ ‘ಹ’ ಬಾಯಿಂದ ಸಲೀಸಾಗಿ ಜಾರಿಬಿಡುತ್ತದೆ. ಮಾತಾಡುವಾಗ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಆದರೆ ಮೂವತ್ತು ಜನ ಒಟ್ಟಿಗೆ ‘ಹಾಡು’ ಅನ್ನಬೇಕಾದ ಕಡೆ ಹತ್ತು ಜನ ‘ಆಡು’ ಅಂದರೆ ಹಾಡಿನೊಳಗೆ ಮೇಕೆ ಮಂದೆ ನುಗ್ಗಿದ ಹಾಗಾಗುತ್ತದೆ. ಇನ್ನೊಂದು, ಹ್ರಸ್ವ-ದೀರ್ಘ. ರಾಗಕ್ಕಾಗಿ ‘ಬಳೆ’ಯ ಬ ಅಕ್ಷರವನ್ನು ಎಳೆಯಬೇಕಾಗುತ್ತದೆ. ಎಳೆಯುವಾಗ ಬಾಯಿ ಅಗಲ ತೆರೆದರೆ ಅದು ‘ಬಾಳೆ’ ಆಗುತ್ತದೆ. ಕೈಗೆ ಹಾಕಿಕೊಳ್ಳೋದು ಎಲೆ ಹಾಸುವ ಗಿಡ ಆಯಿತು! ಎಷ್ಟು ಹೊತ್ತು ಎಳೆದರೂ ಬಾಯಿ ಅಷ್ಟೇ ತೆರೆದಿರಬೇಕು. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದರೆ ಬೇಗ ಬರುತ್ತದೆ.

ಕೋಲಾರದ ಕ್ಲಾಸ್ ಅಂದರೆ ಒಂದೇ ಭಾಷೆಯ ಕ್ಲಾಸ್ ಅಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರ ಮನೆಯಲ್ಲಿ ತೆಲುಗು, ಕೆಜಿಎಫ್ ಕಡೆಯವರ ಮನೆಯಲ್ಲಿ ತಮಿಳು, ಪೇಟೆಯ ಎಷ್ಟೋ ಮನೆಗಳಲ್ಲಿ ಉರ್ದು. ಮನೆಮಾತು ಬೇರೆ ಅಂತ ಹಿಂದಿನ ಸಾಲಿನಲ್ಲಿ ಅಡಗಿಕೊಳ್ಳೋದು ಬೇಡ. ಸಂತಕವಿ ಕೈವಾರ ತಾತಯ್ಯನವರೇ ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿದವರು, ಅಲ್ವಾ? ಒಂದು ವರ್ಷ ಮನೆಯಲ್ಲಿ ಉರ್ದು ಮಾತಾಡುವ ಹುಡುಗಿಯೊಬ್ಬಳು ಬಂದಳು. ‘ಳ’ ಬರುತ್ತಿರಲಿಲ್ಲ, ‘ಮಳೆ’ಯನ್ನು ‘ಮಲೆ’ ಅನ್ನುತ್ತಿದ್ದಳು. ಆದರೆ ಅವಳ ‘ಹ’ ಮಾತ್ರ ಗಾಜಿನಷ್ಟು ಸ್ಪಷ್ಟ. ಅವಳನ್ನೇ ಮುಂದೆ ನಿಲ್ಲಿಸಿ ಉಳಿದವರಿಗೆ ‘ಹ’ ಹೇಳಿಸಿದೆ. ‘ಳ’ವನ್ನು ಅವಳಿಗೆ ಪಕ್ಕದ ಹುಡುಗಿ ಕಲಿಸಿದಳು. ಒಂದು ವಾರ ಹಿಡಿಯಿತು.

5. ಕಿವಿ ಕೊಡೋದು

ಮದುವೆಮನೆಯಲ್ಲಿ ಅಜ್ಜಿಯರು ಸೋಬಾನೆ ಹೇಳೋದನ್ನು ನೋಡಿದ್ದೀರಾ? ಒಬ್ಬರು ಸೊಲ್ಲು ಎತ್ತುತ್ತಾರೆ, ಉಳಿದವರು ಹಿಡಿಯುತ್ತಾರೆ. ಯಾರೂ ಕೈ ಬೀಸಿ ಹೇಳಲ್ಲ. ಕಿವಿ ಅಲ್ಲೇ ಇರುತ್ತದೆ, ಅಷ್ಟೇ. ಕ್ಲಾಸಿನಲ್ಲಿ ಅದನ್ನೇ ಬೇಕಂತ ಅಭ್ಯಾಸ ಮಾಡಿಸುತ್ತಾರೆ. ಪಕ್ಕದವರ ದನಿ ನಿಮಗೆ ಕೇಳಿಸುತ್ತಿಲ್ಲ ಅಂದರೆ ನಿಮ್ಮದು ಜಾಸ್ತಿಯಾಯಿತು. ನಿಮ್ಮ ದನಿ ನಿಮಗೇ ಕೇಳಿಸುತ್ತಿಲ್ಲ ಅಂದರೆ ಕಡಿಮೆಯಾಯಿತು. ಚೆನ್ನಾಗಿ ಹಾಡುವ ಮಕ್ಕಳಿಗೆ ಇದು ಕಷ್ಟ. ಭಾವಗೀತೆಯಲ್ಲಿ ಪ್ರೈಜ್ ತಂದವರು ಸುಮ್ನೆ ಒಂದು ಗಮಕ (ಸ್ವರವನ್ನು ಓಲಾಡಿಸೋದು) ಸೇರಿಸಿಬಿಡುತ್ತಾರೆ, ಇಡೀ ಸಾಲು ಕೆಡುತ್ತದೆ.

ಮೊದಲು ಎಲ್ಲರದೂ ಒಂದೇ ಧಾಟಿ. ಅದು ಗಟ್ಟಿಯಾದ ಮೇಲೆ ಕೆಲವು ಶಾಲೆಗಳಲ್ಲಿ ಎರಡು ಧಾಟಿ ಮಾಡಿಸುತ್ತಾರೆ. ಮೇಲಿನ ಗುಂಪು ಹಾಡು ಹಾಡುತ್ತಿರುವಾಗಲೇ ಕೆಳಗಿನ ಗುಂಪು ಅದೇ ಮಾತನ್ನು ಬೇರೆ ಸ್ವರಗಳಲ್ಲಿ ಹಾಡುತ್ತದೆ. ಕೆಜಿಎಫ್‌ನ ಚರ್ಚುಗಳಲ್ಲಿ ಕ್ರಿಸ್‌ಮಸ್ ಹಾಡು ಕೇಳಿದವರಿಗೆ ಇದು ಗೊತ್ತಿರುತ್ತದೆ. ಶುರುವಿಗೆ ಕೆಳಗಿನವರು ಜಾರಿ ಮೇಲಿನವರ ಧಾಟಿಗೆ ಸೇರಿಕೊಳ್ಳುತ್ತಾರೆ. ಕಿವಿ ಮುಚ್ಚಿಕೊಂಡು ಹಾಡಿದರೆ ಆಗುತ್ತೆ ಅಂತ ಕೆಲವರು ನೋಡುತ್ತಾರೆ. ಆಗಲ್ಲ.

6. ದನಿ ಒಡೆದ ಹುಡುಗರು

ಎಂಟು, ಒಂಬತ್ತನೇ ಕ್ಲಾಸಿನ ಹುಡುಗರು ಒಂದು ದಿನ ಇದ್ದಕ್ಕಿದ್ದಂತೆ ಕ್ಲಾಸಿಗೆ ಬರೋದು ನಿಲ್ಲಿಸುತ್ತಾರೆ. ಕಾರಣ ಕೇಳಿದರೆ ಶೀತ ಅನ್ನುತ್ತಾರೆ. ಶೀತ ಅಲ್ಲ. ಆ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ದನಿ ಸುಮಾರು ಒಂದು ಸ್ಥಾಯಿ (ಒಂದು ‘ಸ’ದಿಂದ ಇನ್ನೊಂದು ‘ಸ’ದವರೆಗಿನಷ್ಟು) ಕೆಳಗಿಳಿಯುತ್ತದೆ. ನಡುವೆ ಕೆಲವು ತಿಂಗಳು ಯಾವಾಗ ಎಲ್ಲಿ ಒಡೆಯುತ್ತದೋ ಹೇಳಲಾಗದು. ಬಿಡಬೇಡಿ. ಮೇಲಿನ ಸ್ವರ ಬಂದಾಗ ಸುಮ್ಮನಿರಿ, ಆರಾಮಾಗಿ ಬರುವಷ್ಟನ್ನು ಹಾಡಿ, ತಾಳ ನೋಡಿಕೊಳ್ಳಿ. ಮೇಷ್ಟ್ರ ಹತ್ತಿರ ಹೇಳಿದರೆ ಗುಂಪು ಬದಲಾಯಿಸುತ್ತಾರೆ.

7. ಸ್ಟೇಜ್

ರಾಷ್ಟ್ರಗೀತೆಗೆ 52 ಸೆಕೆಂಡ್. ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡ್ ಅಂತ 2022ರಲ್ಲಿ ಸರ್ಕಾರ ಗೊತ್ತು ಮಾಡಿದೆ. ಹಾಗಾಗಿ ಕೊನೆಯ ವಾರಗಳಲ್ಲಿ ಫೋನಿನ ಸ್ಟಾಪ್‌ವಾಚ್ ಹಿಡಿದು ಹಾಡಿಸುತ್ತಾರೆ. ಭಯ ಆದಾಗ ಎಲ್ಲರೂ ಓಡುತ್ತಾರೆ. ಅದು ಹತ್ತು ಸೆಕೆಂಡ್ ಮೊದಲೇ ಮುಗಿದಾಗ ಗೊತ್ತಾಗುತ್ತದೆ.

ಕ್ಲಾಸ್‌ರೂಮಿನ ಗೋಡೆ ನಿಮ್ಮ ದನಿಯನ್ನು ವಾಪಸ್ ಕೊಡುತ್ತದೆ. ಬಯಲು ಮೈದಾನ ಕೊಡಲ್ಲ. ಅಲ್ಲಿ ಕೂಗಬೇಕು ಅನ್ನಿಸುತ್ತದೆ, ಕೂಗಬೇಡಿ.

ಒಂದು ಸಲ ಧ್ವಜಾರೋಹಣದ ದಿನ ಹಾಡು ಶುರುವಾಗುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ‘ಸ’ ಹಿಡಿದುಕೊಡುವ ಶ್ರುತಿಪೆಟ್ಟಿಗೆ ಬಂದ್. ಮುಂದಿನ ಸಾಲಿನ ಹುಡುಗಿ ಗಾಬರಿಯಲ್ಲಿ ಎರಡು ಮನೆ ಮೇಲೆ ಎತ್ತಿಬಿಟ್ಟಳು. ಪಲ್ಲವಿ ಹೇಗೋ ದಾಟಿತು. ಚರಣದಲ್ಲಿ ತಾರಸ್ಥಾಯಿ, ಅಂದರೆ ಎತ್ತರದ ಸ್ವರಗಳು, ಬಂದಾಗ ಅರ್ಧ ಮಕ್ಕಳು ಬಾಯಿ ಮಾತ್ರ ಆಡಿಸುತ್ತಿದ್ದರು. ತಪ್ಪು ನನ್ನದೇ. ಶ್ರುತಿ ಇಲ್ಲದೆ ‘ಸ’ ಹಿಡಿಯೋದನ್ನು ನಾನು ಅಭ್ಯಾಸ ಮಾಡಿಸಿರಲಿಲ್ಲ. ಈಗ ಫೋನಿನಲ್ಲಿ ತಂಬೂರಿ ಆಪ್ ಇದೆ. ಆದರೂ ವಾರಕ್ಕೊಂದು ದಿನ ಆಫ್ ಮಾಡಿ ಹಾಡಿಸುತ್ತೇನೆ.

8. ಮನೆಯಲ್ಲಿ

ದಿನಾ ಹತ್ತು ನಿಮಿಷ ಸಾಕು. ನೋಟ್‌ಬುಕ್, ಪೆನ್ಸಿಲ್, ನೀರಿನ ಬಾಟಲ್ ಬಿಟ್ಟು ಬೇರೇನೂ ಕೊಳ್ಳಬೇಕಿಲ್ಲ. ಕೆಳಗಿನ ಗುಂಪಿನವರ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಎರಡನೇ ಧಾಟಿಯನ್ನು ಒಬ್ಬರೇ ಹಾಡಿದರೆ ಹಾಡಿನ ಹಾಗೇ ಇರಲ್ಲ. ಗೊತ್ತಿರುವ ಹಾಡು, ಮಾತು ಅದೇ, ಆದರೆ ಎಲ್ಲೆಲ್ಲೋ ಹೋಗುತ್ತದೆ. ನಮ್ಮ ಕ್ಲಾಸಿನ ಒಬ್ಬಳು ಮನೆಯಲ್ಲಿ ಹೀಗೆ ಅಭ್ಯಾಸ ಮಾಡುತ್ತಿದ್ದಾಗ ಅವರಜ್ಜಿ ಒಳಗಿಂದಲೇ ರಾಗ ತಪ್ತಿದೀಯಲ್ಲೇ ಅಂತ ಸರಿಯಾದ ಧಾಟಿ ಎತ್ತಿದರಂತೆ. ಹುಡುಗಿ ನಿಲ್ಲಿಸಲಿಲ್ಲ. ತನ್ನದನ್ನೇ ಹಿಡಿದು ಕೊನೆಯವರೆಗೂ ಹಾಡಿದಳಂತೆ. ಅಜ್ಜಿಯೂ ಬಿಡಲಿಲ್ಲವಂತೆ.