ಅಪ್ಪ ತಡವಾಗಿ ಬರುವ ಮನೆಯಲ್ಲಿ ಮಕ್ಕಳನ್ನು ಮಲಗಿಸುವುದು

ಹೋದ ವರ್ಷ ಜುಲೈನಲ್ಲಿ ಒಂದು ಸಂಜೆ ಹಳಿ ಮೇಲೆ ನೀರು ನಿಂತು ನಮ್ಮ ಮುಂಬೈ ಲೋಕಲ್ ರೈಲು ಕುರ್ಲಾ ಹತ್ತಿರ ನಿಂತುಬಿಟ್ಟಿತು. ಡೊಂಬಿವಲಿಯ ಮನೆ ಸೇರುವಾಗ ಹನ್ನೊಂದು ದಾಟಿತ್ತು. ಮಕ್ಕಳಿಬ್ಬರಿಗೂ ಗಾಢ ನಿದ್ದೆ. ಎಷ್ಟೊತ್ತಿಗೆ ಮಲಗಿದರು ಅಂತ ಕೇಳಿದೆ.

"ಒಂಬತ್ತಕ್ಕ" ಅಂದಳು ಹೆಂಡತಿ. "ನೀವು ತಡಾ ಮಾಡಿ ಬಂದ ದಿನಾನ ಲಗೂ ಮಲಕೋತಾವ ನೋಡ್ರಿ."

ಚುಚ್ಚಿತು. ಆದರೆ ನಿಜ. ನಾನು ದಿನಾ ಎಂಟೂಕಾಲಿಗೆ ಮನೆಗೆ ಬರುತ್ತೇನೆ. ಬಂದ ಕೂಡಲೇ ಏಳು ವರ್ಷದ ಮಗನನ್ನು ಎತ್ತಿ ಗಿರಗಿರ ತಿರುಗಿಸುವುದು, ನಾಲ್ಕರ ಮಗಳಿಗೆ ಕಚಗುಳಿ, ಟಿವಿ, ಎರಡೂ ಟ್ಯೂಬ್‌ಲೈಟ್. ಒಂಬತ್ತೂವರೆಗೆ "ಮಲಗ್ರೋ" ಅಂತ ನನ್ನದೇ ಕೂಗಾಟ. ಹತ್ತೂವರೆಯಾದರೂ ಮನೆ ಸಂತೆ. ಬೆಂಕಿ ಹಚ್ಚುವವನೂ ನಾನೇ, ಕೊಡ ಹಿಡಿದು ಓಡುವವನೂ ನಾನೇ.

ಹಾಗಾಗಿ ಇದನ್ನು ನನ್ನಂಥವರಿಗೇ ಬರೆಯುತ್ತಿದ್ದೇನೆ. ಒಂದು ಬೆಡ್‌ರೂಮಿನ ಮನೆ, ಲೋಕಲ್‌ನಲ್ಲಿ ಮುಕ್ಕಾಲು ಗಂಟೆ ನಿಂತು ಬರುವ ಅಪ್ಪ, ಬಾಗಿಲ ಸದ್ದಿಗೇ ಓಡಿಬರುವ ಮಕ್ಕಳು.

ಮೊದಲು ಲೆಕ್ಕ. 3ರಿಂದ 5 ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ. ಮಗನ ಶಾಲೆ ಏಳಕ್ಕೆ, ಅವನು ಆರಕ್ಕೆ ಏಳಬೇಕು. ಆರರಿಂದ ಹಿಂದಕ್ಕೆ ಒಂಬತ್ತು ಗಂಟೆ ಎಣಿಸಿದರೆ ರಾತ್ರಿ ಒಂಬತ್ತು. ಅದೂ ಕಡಿಮೆಯೆಂದರೆ! ನಿಮ್ಮ ಮನೆಯ ಲೆಕ್ಕವನ್ನೂ ಹೀಗೆ ಏಳುವ ಹೊತ್ತಿನಿಂದ ಹಿಂದಕ್ಕೆ ಹಾಕಿ. ಭಾನುವಾರ ಅರ್ಧ ಗಂಟೆ ಆಚೀಚೆ ಆದರೆ ಪರವಾಗಿಲ್ಲ. ಬೆಳಿಗ್ಗೆ ಹತ್ತರವರೆಗೆ ಮಲಗಲು ಬಿಟ್ಟರೆ ಆ ರಾತ್ರಿ ನಿಮ್ಮ ಪಾಡು ನಾಯಿಪಾಡು.

ಅಂದರೆ ನನಗೆ ಸಿಗುವುದು ಮುಕ್ಕಾಲು ಗಂಟೆ. ಊಟ, ಸ್ನಾನ ಅದರೊಳಗೆ ಹಿಡಿಸುವುದಿಲ್ಲ. ಮಕ್ಕಳು ನನ್ನ ಜೊತೆಗೇ ಉಣ್ಣಬೇಕು ಅಂತ ನನಗೆ ಹಟ ಇತ್ತು, ಅದನ್ನು ಬಿಟ್ಟೆ. ಈಗ ಅವರದು ಏಳೂಕಾಲಿಗೆ ಅನ್ನ ಸಾರು, ಅದಕ್ಕೂ ಮುಂಚೆ ಉಗುರುಬೆಚ್ಚಗಿನ ನೀರಿನ ಸ್ನಾನ. ಬೆಚ್ಚಗೆ ಸ್ನಾನ ಮಾಡಿದರೆ ಚರ್ಮದ ರಕ್ತನಾಳಗಳು ಹಿಗ್ಗಿ ಮೈಯೊಳಗಿನ ಬಿಸಿ ಹೊರಗೆ ಹೋಗುತ್ತದೆ. ಒಳಗಿನ ಕಾವು ಇಳಿದಂತೆ ನಿದ್ದೆ ಹತ್ತಿರ ಬರುತ್ತದೆ. ಅದಕ್ಕೇ ಮಲಗಲು ಒಂದೆರಡು ಗಂಟೆ ಇರುವಾಗ ಸ್ನಾನವಾದರೆ ಒಳ್ಳೆಯದು. ಸಂಜೆಯ ಚಹಾ-ಬಿಸ್ಕತ್ತಿನಲ್ಲಿ ಚಹಾ ನಿಲ್ಲಿಸಿದೆವು. ಚಹಾದಲ್ಲೂ ನಿದ್ದೆ ಓಡಿಸುವ ಕೆಫೀನ್ ಇದೆ ಅಂದರೆ ಅವ್ವ ಫೋನಿನಲ್ಲಿ ಈಗಲೂ ನಂಬುವುದಿಲ್ಲ. ಮಗಳ ಮಧ್ಯಾಹ್ನದ ನಿದ್ದೆ ಮೂರಕ್ಕೆ ಮುಗಿಯಬೇಕು.

ಇನ್ನು ಬಾಗಿಲು. ನಾನು ಬೆಲ್ ಹೊಡೆಯುವುದನ್ನೇ ಬಿಟ್ಟಿದ್ದೇನೆ, ಕೀಲಿ ಹಾಕಿ ಒಳಗೆ ಬರುತ್ತೇನೆ. ಎತ್ತುವುದು, ತಿರುಗಿಸುವುದು ಇಲ್ಲ. ನೆಲದ ಮೇಲೆ ಕೂತುಬಿಡುತ್ತೇನೆ. ಕೂತ ಅಪ್ಪನ ಮೇಲೆ ಮಕ್ಕಳು ಬಂದು ಬೀಳುತ್ತವೆ, ಆದರೆ ಓಡುವುದಿಲ್ಲ. ಹತ್ತು ನಿಮಿಷ ಶಾಲೆಯ ಸುದ್ದಿ. ಮೊದಲ ವಾರ ಮಗ "ಅಪ್ಪಾ, ಇವತ್ತು ಹುಷಾರಿಲ್ವಾ?" ಅಂತ ಹಣೆ ಮುಟ್ಟಿ ನೋಡಿದ್ದ.

ಎಂಟೂವರೆಗೆ ಟ್ಯೂಬ್‌ಲೈಟ್ ಆರಿಸಿ ಮೂಲೆಯ ಹಳದಿ ಬಲ್ಬ್ ಒಂದನ್ನೇ ಉಳಿಸಿ. ಕತ್ತಲಾದಾಗ ಮಿದುಳು ಮೆಲಟೋನಿನ್ ಬಿಡುತ್ತದೆ, 'ರಾತ್ರಿಯಾಯಿತು' ಅಂತ ಮೈಗೆ ಹೇಳುವ ಹಾರ್ಮೋನು ಅದು. ಜೋರು ಬೆಳಕು ಅದನ್ನು ತಡೆಯುತ್ತದೆ. ಮೊಬೈಲ್, ಟಿವಿ ಮಲಗುವುದಕ್ಕೆ ಒಂದು ಗಂಟೆ ಮೊದಲೇ ಬಂದ್. ನಿಮ್ಮದೂ ಬಂದ್! ನೀವು ಮೊಬೈಲ್ ತಿಕ್ಕುತ್ತಾ ಕೂತು ಮಕ್ಕಳಿಗೆ ಬೇಡ ಅಂದರೆ ಯಾರು ಕೇಳುತ್ತಾರೆ? ಪಕ್ಕದ ಮನೆಯ ಕಾಕುವಿನ ಸೀರಿಯಲ್ ಸದ್ದು ನಮ್ಮ ಕೈಯಲ್ಲಿಲ್ಲ. ಗಣಪತಿ ಹಬ್ಬದ ಢೋಲು ಕೇಳಲೇಬೇಡಿ. ಹಳೇ ಟೇಬಲ್ ಫ್ಯಾನ್ ಹಾಕಿದರೆ ಒಂದೇ ಸಮನೆ ಗುಂಯ್ ಅನ್ನುತ್ತದೆ, ಅರ್ಧ ಗಲಾಟೆ ಅದರಲ್ಲೇ ಮುಳುಗುತ್ತದೆ.

ಕಥೆ ನನ್ನ ಪಾಲಿನದು. ಇದಕ್ಕೆ ನನ್ನ ಬಳಿ ಪುಸ್ತಕವಿಲ್ಲ, ಕೌದಿ ಇದೆ. ಹಳೇ ಬಟ್ಟೆಯ ತುಂಡುಗಳನ್ನು ಜೋಡಿಸಿ ಹಾವೇರಿಯಿಂದ ಅವ್ವ ಹೊಲಿದು ಕಳಿಸಿದ್ದು. ಈ ಸೆಕೆಯಲ್ಲಿ ಹೊದೆಯುವ ಮಾತೇ ಇಲ್ಲ, ಹಾಸಿಗೆ ಮೇಲೆ ಹಾಸುತ್ತೇವೆ. ರಾತ್ರಿಗೊಂದು ತುಂಡಿನ ಕಥೆ. ಮಗಳು ಬೆರಳಿಟ್ಟು "ಇದು" ಅನ್ನುತ್ತಾಳೆ. ಹಸಿರಿನದು ಅಜ್ಜಿ ಬಾವಿಗೆ ಕೊಡ ಬೀಳಿಸಿದ ದಿನ ಉಟ್ಟಿದ್ದ ಸೀರೆ. ಬಿಳಿ ಅಜ್ಜನ ಧೋತರ. ಕೆಂಪಂಚಿನ ತುಂಡು ನನ್ನನ್ನು ತೊಟ್ಟಿಲಿಗೆ ಹಾಕಿದಾಗ ಬಂದ ಕುಬಸ. ಕಥೆಯಲ್ಲಿ ಏನೂ ಆಗಬಾರದು, ಅದೇ ಗುಟ್ಟು. ಕೊಡ ಬೀಳುತ್ತದೆ, ಅಜ್ಜ ನಿಧಾನಕ್ಕೆ ಹಗ್ಗ ತರುತ್ತಾನೆ, ನಿಧಾನಕ್ಕೆ ಎಳೆಯುತ್ತಾನೆ. ಕಳ್ಳ, ದೆವ್ವ, ಹುಲಿ ಯಾರೂ ಬರುವಂತಿಲ್ಲ. ನೂರು ಸಲ ಹೇಳಿದ್ದೇ ಆದರೂ ಸರಿ, ಮುಂದೇನು ಅಂತ ಗೊತ್ತಿರುವ ಕಥೆಗೆ ಕಣ್ಣು ಬೇಗ ಮುಚ್ಚುತ್ತದೆ. ಹೇಳುತ್ತಾ ಬೆನ್ನು ತಟ್ಟಿ, ತಟ್ಟುವುದನ್ನು ಸಾವಕಾಶ ಮಾಡುತ್ತಾ ಹೋಗಿ, ದನಿಯನ್ನೂ ಇಳಿಸಿ. ಖಾಕಿ ತುಂಡು ಮಾತ್ರ ರಾತ್ರಿ ಹೊತ್ತು ನಿಷೇಧ. ಅದು ನನ್ನ ಶಾಲೆಯ ಚಡ್ಡಿ. ಒಮ್ಮೆ ಹೇಳಿ ಅರ್ಧ ಗಂಟೆ ನಗು ನಿಲ್ಲಲಿಲ್ಲ.

ಒಂದು ಎಚ್ಚರಿಕೆ: ವರ್ಷ ತುಂಬದ ಕೂಸಿಗೆ ಕೌದಿ, ದಿಂಬು, ಗೊಂಬೆ ಯಾವುದೂ ಹತ್ತಿರ ಬೇಡ. ಗಟ್ಟಿಯಾದ, ಸಮನಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಬೇಕು.

ದೀಪ ಆರಿಸಿ ನಾವು ಹೊರಗೆ ಬಂದೊಡನೆ ಶುರುವಾಗುವುದು ನೀರು, ಸೂಸು, ಸೊಳ್ಳೆ, ಅಣ್ಣ ಒದ್ದ. ಇದಕ್ಕೆ ನನ್ನ ಅವಧಿ ಮುಗಿದ ರೈಲ್ವೆ ಪಾಸ್ ಕೆಲಸಕ್ಕೆ ಬಂತು. ಮಲಗುವಾಗ ಒಬ್ಬೊಬ್ಬರಿಗೆ ಒಂದೊಂದು ಹಳೇ ಪಾಸ್. ಒಂದು ರಾತ್ರಿಗೆ ಒಂದೇ ಸಲ ಎದ್ದು ಬರಬಹುದು, ಬಂದರೆ ಪಾಸ್ ಕೊಟ್ಟು ಬೇಕಾದ್ದು ಕೇಳಬಹುದು. ಅದಾದ ಮೇಲೆ ಬಂದರೆ ಮಾತಿಲ್ಲ, ಬೈಗುಳವೂ ಇಲ್ಲ, ಕೈ ಹಿಡಿದು ವಾಪಸ್ ಹಾಸಿಗೆಗೆ. ಸೂಸು ನಿಜವಾಗಿ ಬಂದರೆ ಅದಕ್ಕೆ ಪಾಸ್ ಕೇಳಬೇಡಿ, ಪಾಪ. ಮೊದಲ ಎರಡು ರಾತ್ರಿ ಮಗಳನ್ನು ಏಳೆಂಟು ಸಲ ವಾಪಸ್ ಬಿಟ್ಟು ಬಂದೆ. ಮೂರನೇ ದಿನ ಪಾಸನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿದ್ದೆ ಹೋಗಿದ್ದಳು. ಖರ್ಚು ಮಾಡಲು ಮನಸ್ಸಾಗಿರಲಿಲ್ಲ ಅನ್ನಿ.

"ಐದು ನಿಮಿಷಕ್ಕೆ ಬಂದು ನೋಡ್ತೀನಿ" ಅಂದರೆ ಐದು ನಿಮಿಷಕ್ಕೆ ಹೋಗಿ ನೋಡಿ. ನೀವು ಬರುವುದು ಖಾತ್ರಿಯಾದರೆ ಅವರು ಎದ್ದು ಬರುವುದು ಕಡಿಮೆಯಾಗುತ್ತದೆ.

ಮಗು ದಿನಾ ಗೊರಕೆ ಹೊಡೆಯುತ್ತಿದ್ದರೆ, ಬಾಯಲ್ಲೇ ಉಸಿರಾಡುತ್ತಿದ್ದರೆ, ನಿದ್ದೆಯಲ್ಲಿ ನಡುನಡುವೆ ಉಸಿರು ನಿಂತಂತೆ ಕಂಡರೆ ಕಥೆ, ಪಾಸ್ ಅಂತ ಕೂರಬೇಡಿ. ಮಕ್ಕಳ ಡಾಕ್ಟರಿಗೆ ತೋರಿಸಿ.

ಮತ್ತೆ ಆ ಗಿರಗಿರ? ಅದನ್ನು ಬೆಳಿಗ್ಗೆಗೆ ಹಾಕಿದ್ದೇವೆ. ರಾತ್ರಿ ಪಾಸ್ ಉಳಿಸಿದವರು ಎದ್ದ ಮೇಲೆ ಅದನ್ನು ನನಗೆ ಕೊಟ್ಟು ಐದು ಸುತ್ತು ತಿರುಗಬಹುದು. ಮಗ ಈಗ ಆರಕ್ಕೆ ತಾನೇ ಎದ್ದು ಪಾಸನ್ನು ನನ್ನ ಮೂಗಿನ ಮೇಲೆ ಇಡುತ್ತಾನೆ.