ಹಿಮ್ಮಡಿ ಒಡೆದರೆ ಬ್ಲೇಡ್ ಹಿಡಿಯಬೇಡಿ

ಧನುರ್ಮಾಸ ಬಂತು ಅನ್ನೋದಕ್ಕೆ ನಮ್ಮನೆಯಲ್ಲಿ ಎರಡು ಗುರುತು. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ನನ್ನ ಹಿಮ್ಮಡಿ ಒಡೆಯುತ್ತದೆ. ಸೀರೆಯ ಅಂಚು ಆ ಬಿರುಕಿಗೆ ಸಿಕ್ಕಿ ದಾರ ಕಿತ್ತು ಬರುತ್ತಿತ್ತು. ಒಂದು ವರ್ಷ ಸಿಟ್ಟು ಬಂದು ಬ್ಲೇಡ್ ತಗೊಂಡು ಹೆರೆದುಬಿಟ್ಟೆ. ಕೀವಾಗಿ 15 ದಿನ ಕುಂಟಿದೆ.

ಎಲ್ಲಾ ಬಿಟ್ಟು ಹಿಮ್ಮಡಿಯೇ ಯಾಕೆ ಒಡೆಯಬೇಕು? ಮೈಯ ಚರ್ಮದಲ್ಲೆಲ್ಲ ಸಣ್ಣ ಸಣ್ಣ ಎಣ್ಣೆ ಗ್ರಂಥಿಗಳಿವೆ, ಆದರೆ ಅಂಗೈ ಅಂಗಾಲಲ್ಲಿ ಒಂದೂ ಇಲ್ಲ. ಅಲ್ಲಿ ಬೆವರು ಬರುತ್ತದೆ, ಜಿಡ್ಡು ಬರುವುದಿಲ್ಲ. ಜೊತೆಗೆ ಅಲ್ಲಿಯ ಮೇಲ್ಪದರ ಸುಮಾರು 1.5 ಮಿ.ಮೀ. ದಪ್ಪ, ಕಣ್ಣೆವೆಯದು ಬರೀ 0.05. ಅಷ್ಟು ದಪ್ಪ ಚರ್ಮ ಒಣಗಿದರೆ ಬಾಗುವುದಿಲ್ಲ, ಮೈಭಾರ ಬಿದ್ದಾಗ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿಯುತ್ತದೆ. ಮೇಲ್ಪದರದ ಹೊರಭಾಗ ಅಂದರೆ ಸತ್ತ ಕೋಶಗಳು, ಅವುಗಳ ನಡುವೆ ಗಾರೆಯ ಹಾಗೆ ಕೊಬ್ಬು. ಬಾಣಲೆಯ ಜಿಡ್ಡು ತೆಗೆಯುವ ಸೋಪು, ಸುಡುವ ನೀರು ಈ ಕೊಬ್ಬನ್ನೂ ಬಿಡುವುದಿಲ್ಲ, ಅಲ್ವಾ? ಕಾಲಿಗೆ ಸೋಪು ಕಡಿಮೆ ಮಾಡಿ.

ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ 10 ನಿಮಿಷ ಕಾಲಿಟ್ಟು, ಕಾಲುಜ್ಜುವ ಕಲ್ಲಿನಿಂದ ಮೆಲ್ಲಗೆ ಉಜ್ಜಿ. ಬಟ್ಟೆಯಿಂದ ಒತ್ತಿ, ಇನ್ನೂ ಪಸೆ ಇರುವಾಗಲೇ ಎಣ್ಣೆ ಹಚ್ಚಿ. ಇದನ್ನು ನಾನು ಎಷ್ಟೋ ವರ್ಷ ತಪ್ಪು ಮಾಡಿದೆ, ಒಣ ಕಾಲಿಗೇ ತಿಕ್ಕುತ್ತಿದ್ದೆ. ಎಣ್ಣೆ ನೀರನ್ನು ತಂದುಕೊಡುವುದಿಲ್ಲ, ಇರುವ ನೀರು ಆರಿಹೋಗದ ಹಾಗೆ ಮುಚ್ಚುತ್ತದೆ ಅಷ್ಟೇ. ಬರೀ ಎಣ್ಣೆ ಹಾಸಿಗೆಗೆ ಹತ್ತಿ ಹೋಗುತ್ತದೆ, ಅದಕ್ಕೆ 4 ಚಮಚ ಕೊಬ್ಬರಿ ಎಣ್ಣೆಗೆ 1 ಚಮಚ ಜೇನುಮೇಣ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಕರಗಿಸಿ ಡಬ್ಬಿಗೆ ಸುರಿದಿಡಿ, ಆರಿದ ಮೇಲೆ ಮುಲಾಮಿನ ಹಾಗೆ ಆಗುತ್ತದೆ. ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗಿ. ನಡುರಾತ್ರಿ ಎದ್ದರೆ ಚೀಲ ಬಿಚ್ಚಿ, ಕಾಲು ಒರೆಸಿಕೊಂಡು ನಡೆಯಿರಿ, ನಮ್ಮ ಯಜಮಾನರು ಬಚ್ಚಲ ಬಾಗಿಲಲ್ಲಿ ಜಾರಿದ್ದು ನೆನಪಿದೆ!

ಮೂರು ದಿನ ಮಾಡಿ ಬಿಡಬೇಡಿ. ಹೊಸ ಕೋಶ ಕೆಳಗೆ ಹುಟ್ಟಿ ಮೇಲೆ ಬರಲು ಸುಮಾರು ಒಂದು ತಿಂಗಳು ಬೇಕು.

ಆದರೆ ರಕ್ತ ಬಂದರೆ ಮನೆಮದ್ದು ನಿಲ್ಲಿಸಿಬಿಡಿ. ಮೇಲ್ಪದರದಲ್ಲಿ ರಕ್ತನಾಳವೇ ಇಲ್ಲ, ಹಾಗಾಗಿ ಬಿರುಕು ಕೆಳಪದರ ಮುಟ್ಟಿದೆ ಅಂತಲೇ ಅರ್ಥ, ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ಕಾಲು ನೆನೆಸುವುದೂ ಬೇಡ, ಕಲ್ಲೂ ಬೇಡ. ಕಾಲು ಜೋಮು ಹಿಡಿದಿದ್ದರೆ ನೀರಿನ ಬಿಸಿಯೂ ಗೊತ್ತಾಗುವುದಿಲ್ಲ, ಗಾಯವೂ ಗೊತ್ತಾಗುವುದಿಲ್ಲ. ದಿನಾ ರಾತ್ರಿ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳಿ. ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳನ್ನು ಕರೆಯಿರಿ, ಹತ್ತು ರೂಪಾಯಿ ಕೇಳುತ್ತಾರೆ, ಕೊಡಿ.