ಮುರುಗಲು: ಸಿಪ್ಪೆ ಪಿತ್ತಕ್ಕೆ, ತುಪ್ಪ ಹಿಮ್ಮಡಿಗೆ

ನಮ್ಮ ಮಲೆನಾಡಿನಲ್ಲಿ ಏಪ್ರಿಲ್, ಮೇ ಅಂದರೆ ಮುರುಗಲು ಹಣ್ಣಿನ ಕಾಲ. ಕರಾವಳಿಯವರು ಇದನ್ನೇ ಪುನರ್ಪುಳಿ ಅನ್ನುತ್ತಾರೆ. ಇದರ ಶರಬತ್ತು ಎಲ್ಲರಿಗೂ ಗೊತ್ತು. ನಾನು ಮನೆಮದ್ದಿಗೆ ಅಂತ ವರ್ಷವಿಡೀ ಇಟ್ಟುಕೊಳ್ಳುವುದು ಒಣಸಿಪ್ಪೆ ಮತ್ತು ಬೀಜದ ತುಪ್ಪ.

ಬೇಸಿಗೆಯಲ್ಲಿ ನನಗೆ ಮೈಮೇಲೆ ಪಿತ್ತದ ಗಂಧೆ ಏಳುತ್ತದೆ. ಆಗ ಐದಾರು ಒಣಸಿಪ್ಪೆಯನ್ನು ಒಂದು ಲೋಟ ನೀರಿನಲ್ಲಿ ನೆನೆಸಿ, ಚೆನ್ನಾಗಿ ಕಿವುಚಿ, ಚೂರು ಬೆಲ್ಲ, ಜೀರಿಗೆ ಪುಡಿ ಹಾಕಿ ಕುಡಿಯುತ್ತೇನೆ. ಅದೇ ನೀರು ಸ್ವಲ್ಪ ತೆಗೆದಿಟ್ಟು ಗಂಧೆಯ ಮೇಲೂ ಸವರುತ್ತೇನೆ. ನನಗಂತೂ ತುರಿಕೆ ಬೇಗ ತಗ್ಗುತ್ತದೆ. ಆದರೆ ತುಟಿ ಊದಿದರೆ, ಉಸಿರು ಕಟ್ಟಿದರೆ ಮನೆಮದ್ದು ಅಂತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಸಿಪ್ಪೆ ಒಣಗಿಸುವುದೇ ಕಷ್ಟದ ಕೆಲಸ. ಒಂದು ವರ್ಷ ಮಳೆ ಬೇಗ ಹಿಡಿಯಿತು. ಅರ್ಧ ಒಣಗಿದ್ದನ್ನೇ ಡಬ್ಬಿಗೆ ತುಂಬಿದೆ. ವಾರದಲ್ಲಿ ಬೂಸ್ಟು ಬಂದು ಅಷ್ಟೂ ಗೊಬ್ಬರದ ಗುಂಡಿಗೆ ಹೋಯಿತು. ಆವತ್ತು ತುಂಬಾ ಬೇಜಾರಾಗಿತ್ತು. ಈಗ ಹಣ್ಣು ಬಿದ್ದ ದಿನವೇ ಒಡೆದು ಬಿಸಿಲಿಗೆ ಹಾಕುತ್ತೇನೆ. ಕೆಂಪು ಸಿಪ್ಪೆ ಕಪ್ಪಾಗಿ, ಚರ್ಮದ ಹಾಗೆ ಮುದುರಬೇಕು. ಹಿಂಡಿದರೆ ಕೈಗೆ ಪಸೆ ತಾಗಬಾರದು. ಹುಳಿ ಜಾಸ್ತಿ ಅಲ್ವಾ, ಹಾಗಾಗಿ ಅಲ್ಯುಮಿನಿಯಂ, ತಾಮ್ರದ ಪಾತ್ರೆ ಮುಟ್ಟಿಸುವುದಿಲ್ಲ. ಪಿಂಗಾಣಿ ಭರಣಿಯೇ ಸರಿ.

ಬೀಜವನ್ನು ಸುಮ್ನೆ ಬಿಸಾಡಬೇಡಿ. ತೊಳೆದು ಒಣಗಿಸಿ, ಸಿಪ್ಪೆ ಒಡೆದು, ಒಳಗಿನ ತಿರುಳನ್ನು ಒರಳಿನಲ್ಲಿ ನುಣ್ಣಗೆ ಕುಟ್ಟುತ್ತೇನೆ. ಬೇಕಾದಷ್ಟು ನೀರು ಹಾಕಿ ಹದ ಉರಿಯಲ್ಲಿ ಕುದಿಸುತ್ತೇನೆ. ಎಣ್ಣೆ ನಿಧಾನಕ್ಕೆ ಮೇಲೆ ತೇಲುತ್ತದೆ. ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ನೀರಿನ ಮೇಲೆ ಬಿಳಿ ಬಿಲ್ಲೆಯಂತೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ತೆಗೆದು ಇನ್ನೊಮ್ಮೆ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆರುತ್ತಾ ಬಂದಾಗ ಉಂಡೆ ಕಟ್ಟುತ್ತೇನೆ. ಇದೇ ಮುರುಗಲು ತುಪ್ಪ.

ಚಳಿಗಾಲದಲ್ಲಿ ಅಮ್ಮನ ಹಿಮ್ಮಡಿ ರಕ್ತ ಬರುವಷ್ಟು ಒಡೆಯುತ್ತಿತ್ತು. ರಾತ್ರಿ ಕಾಲು ಬಿಸಿನೀರಿನಲ್ಲಿ ನೆನೆಸಿ ಒರೆಸಿ, ಸೌಟಿನಲ್ಲಿ ಕರಗಿಸಿದ ತುಪ್ಪವನ್ನು ಉಗುರುಬೆಚ್ಚಗಿರುವಾಗಲೇ ಬಿರುಕಿಗೆ ತುಂಬುತ್ತಿದ್ದೆ. ಆರಿದ ಕೂಡಲೇ ಅದು ಮೇಣದಂತೆ ಅಲ್ಲೇ ಹಿಡಿದುಕೊಳ್ಳುತ್ತದೆ. ಹತ್ತು ದಿನ ತಪ್ಪದೆ ಹಚ್ಚಿದ ಮೇಲೆ ಬಿರುಕು ಕೂಡಿತು. ಅಮ್ಮ ಮತ್ತೆ ಬರಿಗಾಲಿನಲ್ಲಿ ಅಂಗಳಕ್ಕೆ ಇಳಿದರು.